ದಾವಣಗೆರೆ ಟೈಮಿಗೆ ಪಾಠ

ಏಳನೇ ಕ್ಲಾಸಿನ ಲೆಕ್ಕ ತನಗಿರಲಿ ಎಂದು ಶಿವಮೂರ್ತಪ್ಪ ರೊಟ್ಟಿ ಮುರಿಯುತ್ತಾ ಹೇಳಿದಾಗ ಯಾರೂ ನಗಲಿಲ್ಲ. ನಗುವ ಧೈರ್ಯ ಇದ್ದವನು ಮಗ ಕೊಟ್ರೇಶ್ ಒಬ್ಬನೇ. ಅವನ ಬಾಯಿ ತುಂಬ ಬದನೆಕಾಯಿ ಇತ್ತು.

"ಅಪ್ಪಾಜಿ, ಲೆಕ್ಕ ನಾನು ತಗೊಂಡೀನಿ," ಎಂದಳು ಅಂಕಿತಾ. ತಟ್ಟೆಯ ಪಕ್ಕ ಅವಳು ಡ್ರಾಯಿಂಗ್ ಶೀಟು ಹಾಸಿಕೊಂಡು, ಅದರ ಮೂಲೆ ಹಾರದಂತೆ ಚಟ್ನಿ ಪುಡಿಯ ಡಬ್ಬಿ ಇಟ್ಟಿದ್ದಳು.

"ನೀನು ಹರಿಹರದ ಶಾಲಿಯಾಗೆ ದಿನಾ ಅದನ್ನೇ ಕಲಿಸ್ತೀಯಲ್ಲ. ಇಲ್ಲಿ ವಿಜ್ಞಾನ ತಗೋ. ನಲವತ್ತು ವರ್ಷ ದಲಾಲಿ ಮಂಡಿಯಾಗೆ ಕುಂತವನು ನಾನು. ಮೆಕ್ಕೆಜೋಳದ ತೇವ ಕಳೆದು ತೂಕ ಹೇಳೋದನ್ನ ಯಾವ ಬಿ.ಎಡ್.ನಾಗೆ ಕಲಿಸ್ಯಾರೆ?"

"ಏಳನೇ ಕ್ಲಾಸಿಗೆ ಮೆಕ್ಕೆಜೋಳ ಇಲ್ಲ ಅಪ್ಪಾಜಿ."

"ಇರಬೇಕು," ಎಂದರು ಶಿವಮೂರ್ತಪ್ಪ. ಅಲ್ಲಿಗೆ ಆ ಮಾತು ಮುಗಿಯಿತು.

ಇಷ್ಟೆಲ್ಲ ನಡೆಯುತ್ತಿದ್ದದ್ದು ಸಹನಾಳಿಗಾಗಿ. ಅಂಕಿತಾಳ ಅಕ್ಕ ರೂಪಶ್ರೀಯ ಮಗಳು ಅವಳು, ಹನ್ನೆರಡು ವರ್ಷದವಳು, ಇರುವುದು ತಾಂಜಾನಿಯಾದಲ್ಲಿ. ದಾವಣಗೆರೆಯ ಬಟ್ಟೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ನೂಲುವ ಯಂತ್ರ ಬಿಚ್ಚಿ ಜೋಡಿಸಬಲ್ಲವರು ಎಲ್ಲೆಲ್ಲಿಗೋ ಚೆದುರಿದರು. ಭಾವ ನಾಗಭೂಷಣ್ ಹೋದದ್ದು ಅಲ್ಲಿಗೆ, ದೊಡ್ಡ ಸರೋವರದ ದಂಡೆಯ ಒಂದು ಮಿಲ್ ಊರಿಗೆ. ಅಲ್ಲಿದ್ದ ಒಂದೇ ಒಂದು ಇಂಗ್ಲಿಷ್ ಶಾಲೆ ಈ ವರ್ಷ ಮುಚ್ಚಿತು. ಮುಂದಿನದು ಬಸ್ಸಿನಲ್ಲಿ ಒಂದು ದಿನದ ದಾರಿ, ಅದೂ ಹಾಸ್ಟೆಲ್ಲು. ಮನೆಯಲ್ಲೇ ಓದಿಸುತ್ತೇನೆ ಎಂದು ರೂಪಶ್ರೀ ಫೋನಿನಲ್ಲಿ ಹೇಳಿದ್ದೇ ತಡ, ದೇವರಾಜ ಅರಸು ಬಡಾವಣೆಯ ಈ ಮನೆ ಎದ್ದು ನಿಂತಿತು.

ಶಿವಮೂರ್ತಪ್ಪನವರು ಮಂಡಿಯ ಧಾಟಿಯಲ್ಲೇ ಒಪ್ಪಂದ ಮಾಡಿಸಿದರು. ದಸರಾವರೆಗೆ ನೋಡುವುದು. ಅಂಕಿತಾಳ ಶಾಲೆಯ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನೇ ಸಹನಾ ಬರೆಯುವುದು. ಪಾಸಾದರೆ ಅಲ್ಲೇ ಇರಲಿ. ಇಲ್ಲವಾದರೆ ಕೂಸು ದಾವಣಗೆರೆಗೆ ಬಂದು ಅಜ್ಜಿ ಮನೆಯಲ್ಲಿ ಓದಲಿ. ಫೋನಿನ ಆ ಕಡೆಯಿಂದ ರೂಪಶ್ರೀ, "ಹ್ಞೂಂ ಅಪ್ಪಾಜಿ," ಎಂದಿದ್ದಳು. ಅವಳು ಯಾವಾಗಲೂ ಹಾಗೆಯೇ ಅನ್ನುತ್ತಿದ್ದಳು.

"ಕನ್ನಡ ನಂಗಿರ್ಲಿ," ಎಂದು ಶಾಂತಕುಮಾರಿ ಅಡುಗೆಮನೆಯಿಂದ ಬಿಸಿ ರೊಟ್ಟಿ ತಂದು ಗಂಡನ ತಟ್ಟೆಗೆ ಹಾಕಿದರು. "ವಚನ, ಪತ್ರ ಬರೆಯೋದು, ಎಲ್ಲ ನಾನು ಹೇಳಿಕೊಡ್ತೀನಿ. ಮಧ್ಯಾಹ್ನ ಊಟ ಆದ್ಮೇಲೆ ಹೆಂಗೂ ಕುಂತೇ ಇರ್ತೀನಿ."

"ನಂಗೆ ಸಮಾಜ," ಎಂದ ಕೊಟ್ರೇಶ್, ಬಾಯಿ ಖಾಲಿಯಾದ ಮೇಲೆ. "ಮೊದಲ್ನೇ ಪಾಠ, ಈ ಮನಿ ರಾಜ್ಯಭಾರ."

"ಟೈಮ್ ಹೇಳ್ರಿ," ಎಂದು ಅಂಕಿತಾ ಶೀಟಿನ ಮೇಲೆ ಗೆರೆ ಎಳೆದಳು. ಗೆರೆ ಎಳೆಯುವುದು ಅವಳಿಗೆ ಇಷ್ಟ. ತನ್ನ ಮದುವೆಯ ಮಾತು ಬಂದು ತಾನು ಎದ್ದು ಹೋಗುವುದೇ ಹೆಚ್ಚಾದ ಈ ಮನೆಯ ಊಟದ ಹೊತ್ತಿನಲ್ಲಿ, ಎಲ್ಲರೂ ತನ್ನ ಪೆನ್ಸಿಲಿನ ಕಡೆ ನೋಡುತ್ತಿದ್ದದ್ದು ಅಪರೂಪ.

ಶಿವಮೂರ್ತಪ್ಪನವರ ಲಿಂಗಪೂಜೆ ಮುಗಿಯುವುದು ಎಂಟಕ್ಕೆ ಮುಂಚೆ. ಒಂಬತ್ತಕ್ಕೆ ಮಂಡಿ. ನಡುವೆ ಇರುವುದೇ ಲೆಕ್ಕದ ಹೊತ್ತು.

"ಇಲ್ಲಿ ಎಂಟು ಅಂದ್ರೆ ಅಲ್ಲಿ ಐದೂವರೆ ಅಪ್ಪಾಜಿ. ಬೆಳಕು ಹರಿದಿರಲ್ಲ."

"ಭಾಳ ಒಳ್ಳೇದಾತು. ಬೆಳಗಿನ ಜಾವ ಓದಿದ್ದು ತಲಿಗೆ ಹತ್ತುತೈತೆ."

"ನಮ್ಮಪ್ಪನ ಮನ್ಯಾಗೆ ನಾಲ್ಕಕ್ಕೇ ಎಬ್ಬಿಸ್ತಿದ್ರು," ಎಂದರು ಶಾಂತಕುಮಾರಿ, ಆ ಮನೆಯಲ್ಲಿ ಯಾರೂ ಹತ್ತನೇ ಕ್ಲಾಸು ದಾಟಿರಲಿಲ್ಲ ಎಂಬುದನ್ನು ಬಿಟ್ಟು. ಅಮಾವಾಸ್ಯೆಗೆ ಹೊಸ ಪಾಠ ಶುರು ಮಾಡುವಂತಿಲ್ಲ, ಹಳೆಯದನ್ನೇ ತಿರುವಿ ಹಾಕುವುದು. ಸೋಮವಾರ ಅಜ್ಜಿಗೆ ಒಪ್ಪತ್ತು, ಆವತ್ತು ಕನ್ನಡ ಬೇಗ. ಅಂಕಿತಾ ಒಂದೊಂದನ್ನೂ ಬರೆದುಕೊಂಡಳು. ಮುಗಿಯುವಾಗ ಶೀಟಿನಲ್ಲಿ ಖಾಲಿ ಮನೆ ಒಂದೂ ಉಳಿದಿರಲಿಲ್ಲ. ಫೋಟೋ ತೆಗೆದು ಅಕ್ಕನಿಗೆ ಕಳಿಸಿದಳು. ಅಕ್ಕ ಹೆಬ್ಬೆರಳು ಎತ್ತಿದ ಇಮೋಜಿ ಕಳಿಸಿದಳು, ಅಷ್ಟೇ.

ಜೂನ್ ಮುಗಿದು ಜುಲೈ ಬಂತು. ದಿನವೂ ಎಂಟಕ್ಕೆ ಶಿವಮೂರ್ತಪ್ಪನವರು ವಿಭೂತಿ ಹಣೆಯಲ್ಲೇ ಸೋಫಾದ ಮೇಲೆ ಕೂತು, ಫೋನನ್ನು ಸ್ಟೀಲ್ ಚೊಂಬಿಗೆ ಒರಗಿಸುತ್ತಿದ್ದರು. ತೆರೆಯ ಮೇಲೆ ಕತ್ತಲು, ಕತ್ತಲಲ್ಲಿ ಒಂದು ಬಲ್ಬು, ಬಲ್ಬಿನ ಕೆಳಗೆ ಕೂದಲು ಕೆದರಿದ ಸಹನಾ. ಚಿತ್ರ ಆಗಾಗ ಅಲುಗುತ್ತಿತ್ತು.

"ನೂರು ಕೇಜಿ ಮೆಕ್ಕೆಜೋಳ. ಹದಿನೆಂಟು ತೇವ. ಹದಿನಾಲ್ಕಿದ್ರೆ ಕೊಳ್ಳೋನು ಒಪ್ಪುತಾನೆ. ಹಂಗಾರೆ ಕ್ವಿಂಟಲಿಗೆ ಎಷ್ಟು ಕಡೀಬೇಕು?"

"ನಾಲ್ಕು ಅಜ್ಜ."

"ಶಾಬಾಷ್. ಹನ್ನೆರಡೂಕಾಲು ಕ್ವಿಂಟಲಿಗೆ?"

ಸಹನಾ ಪೆನ್ಸಿಲ್ ತೆಗೆದುಕೊಂಡಳು.

"ಬರೀಬ್ಯಾಡ. ಬಾಯಾಗೆ. ರೈತ ಎದುರಿಗೆ ನಿಂತಿರ್ತಾನೆ, ನೀನು ಬರ್ಕೊಂತ ಕುಂತ್ರೆ ಪಕ್ಕದ ಅಂಗಡಿಗೆ ಹೋಗ್ತಾನೆ."

"ನಲವತ್ತೊಂಬತ್ತು."

"ಐವತ್ತು ಅನ್ನು. ಚಿಲ್ಲರೆ ಹಿಡ್ಕಂಡು ಕುಂತ್ರೆ ಸಂಜೆತನಕ ಒಂದು ಲಾರಿ ಲೋಡ್ ಆಗಲ್ಲ. ಹತ್ತಿರದ್ದು ಯಾವುದೋ ಅದು."

"ಅಜ್ಜ, ಇಲ್ಲಿ ಜೋಳದ ಹಿಟ್ಟಿಂದ ಮುದ್ದೆ ಥರ ಮಾಡ್ತಾರೆ. ಉಗಾಲಿ ಅಂತ."

"ಅದು ನಿಮ್ಮ ಮಾವನ ಪೀರಿಯಡ್‌ನಾಗೆ ಹೇಳು."

ಮಾವನ ಪೀರಿಯಡ್ ವಾರಕ್ಕೆರಡು ಬಾರಿ, ಕೊಟ್ರೇಶನ ಮೊಬೈಲ್ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ. ಅದರಲ್ಲಿ ಪಾಠಕ್ಕಿಂತ ಕ್ರಿಕೆಟ್ ಹೆಚ್ಚು. ಸಂಜೆ ಹರಿಹರದಿಂದ ಬಂದು ಮುಖ ತೊಳೆದು ಅಂಕಿತಾ ವಿಜ್ಞಾನ ಶುರು ಮಾಡುವ ಹೊತ್ತಿಗೆ ಸಹನಾ ಆಕಳಿಸುತ್ತಿದ್ದಳು. ಎಲೆಯ ಚಿತ್ರ ಬರೆ ಎಂದರೆ ಅರ್ಧ ಎಲೆ ಬರೆದು ತಲೆ ವಾಲಿಸುತ್ತಿದ್ದಳು.

"ಅಕ್ಕ, ಬೇಗ ಮಲಗ್ಸು ಅವಳನ್ನ," ಎಂದು ಅಂಕಿತಾ ತೆರೆಗೆ ಹೇಳುತ್ತಿದ್ದಳು. ಅಕ್ಕ ತೆರೆಯಲ್ಲಿ ಕಾಣುತ್ತಿರಲಿಲ್ಲ. "ಹ್ಞೂಂ," ಎಂಬ ದನಿ ಮಾತ್ರ ಫೋನಿನ ಹಿಂದಿನಿಂದ ಬರುತ್ತಿತ್ತು.

ಆಗಸ್ಟಿನ ಒಂದು ರಜಾದಿನ ಅಂಕಿತಾ ಮಹಡಿಯಲ್ಲಿ ಬಟ್ಟೆ ಒಣಹಾಕಿ ಕೆಳಗೆ ಬರುವಾಗ ಅವ್ವನ ಕನ್ನಡ ಪಾಠ ನಡೆದಿತ್ತು. ಮೆಟ್ಟಿಲ ಮೇಲೆ ಖಾಲಿ ಬಕೆಟ್ ಹಿಡಿದು ನಿಂತಳು.

"ನಿಂಗೆ ಹಳದಿ ಪರದೆ ಬೇಕೋ, ಹಸಿರೋ? ಕೊಟ್ರೇಶನ ರೂಮು ನಿಂಗೆ. ಅವನು ಹಾಲ್‌ನಾಗೆ ಬಿದ್ಕೊಂತಾನೆ. ಮಂಚ ಆಗ್ಲೇ ಪಾಲಿಶ್ ಮಾಡ್ಸೀನಿ."

"ಅಜ್ಜಿ, ಅಲ್ಲಿ ಐದೂವರೆಗೆ ಏಳಬೇಕಾ?"

"ಛೆ, ಇಲ್ಲಿ ಯಾರು ಎಬ್ಬಿಸ್ತಾರೆ? ಏಳಕ್ಕೆ ಎದ್ರೂ ನಡೀತೈತೆ. ಬೆಣ್ಣೆ ಹಚ್ಚಿ ರೊಟ್ಟಿ ಕೊಡ್ತೀನಿ."

ಪಾಠ ಮುಗಿದ ಮೇಲೆ ಶಾಂತಕುಮಾರಿ ಹುರುಳಿಕಾಯಿ ಸೋಸಲು ಕೂತರು. ಅಂಕಿತಾ ಎದುರಿಗೆ ಕೂತು ನಾರು ತೆಗೆಯತೊಡಗಿದಳು.

"ವಚನ ಎಷ್ಟಾದ್ವು ಅವ್ವ?"

"ಆಗ್ತಾವೆ."

"ಪರದೆ ಯಾವ ಬಣ್ಣ ಅಂತ ಆತು?"

ಶಾಂತಕುಮಾರಿ ತಲೆ ಎತ್ತಲಿಲ್ಲ. "ಕದ್ದು ಕೇಳ್ತೀಯ? ಟೀಚರಮ್ಮಂಗೆ ಇದೂ ಕಲ್ಸ್ಯಾರೇನು?"

"ದಸರಾ ಇನ್ನೂ ದೂರ ಐತೆ. ಈಗ್ಲೇ ಮಂಚ ಪಾಲಿಶ್ ಮಾಡ್ಸಿದ್ರೆ ಆ ಕೂಸು ಯಾಕ ಓದುತೈತೆ?"

"ಓದ್ಲಿ ಬಿಡ್ಲಿ, ಇಲ್ಲಿಗೆ ಬಂದ್ರೆ ಏನು ಲುಕ್ಸಾನು? ಅಲ್ಲಿ ಯಾರು ಅದಾರೆ ಅದಕ್ಕೆ? ಅವರಪ್ಪ ಮಿಲ್ಲಿನಾಗೆ. ಅವರಮ್ಮ..." ಅವರು ಹುರುಳಿಕಾಯಿಯ ತುದಿಯನ್ನು ಚಿವುಟಿ ಬುಟ್ಟಿಗೆ ಎಸೆದರು. "ರೂಪಾಗೆ ಏನು ಬರ್ತೈತೆ ಹೇಳು. ಸೆಕೆಂಡ್ ಪಿಯುಸಿನಾಗೆ ಲೆಕ್ಕ ಫೇಲ್ ಆಗಿ ಬಂದೋಳು. ಅಡುಗೆ ಬರ್ತೈತೆ. ಗುಣ ಐತೆ. ಓದ್ಸಾಕೆ ಗುಣ ಸಾಕಾಗಲ್ಲ."

ಅಂಕಿತಾಳೂ ಹಾಗೆಯೇ ಎಣಿಸಿದ್ದಳು. ಇನ್ನೊಂದು ಹಿಡಿ ಹುರುಳಿಕಾಯಿ ಎತ್ತಿಕೊಂಡಳು.

ಸೆಪ್ಟೆಂಬರ್ ಕೊನೆಗೆ ಪರೀಕ್ಷೆ ನಡೆಯಿತು. ಸಹನಾ ಬರೆದ ಹಾಳೆಗಳ ಫೋಟೋಗಳು ಒಂದೊಂದಾಗಿ ಬಂದವು. ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಮಂಡಕ್ಕಿ ಒಗ್ಗರಣೆ ತಿನ್ನುತ್ತಿರುವಾಗ ಅಂಕಿತಾ ಫೋನು ಮುಂದಿಟ್ಟುಕೊಂಡು, ಅಂಕ ಬರೆಯಲು ಒಂದು ಹಾಳೆ, ಕೆಂಪು ಪೆನ್ನು ಹಿಡಿದು ಕೂತಳು. ವಿಜ್ಞಾನ ಪರವಾಗಿಲ್ಲ. ಕನ್ನಡ ಅಂತೂ ಇಂತೂ. ಸಮಾಜದಲ್ಲಿ ಒಂದು ಉತ್ತರ ಓದಿ ಅವಳು ತಮ್ಮನನ್ನು ದಿಟ್ಟಿಸಿದಳು. ಅವನು ಮೆಣಸಿನಕಾಯಿ ಬಜ್ಜಿಯ ಕಡೆ ನೋಡಿದ. ಲೆಕ್ಕದ ಹಾಳೆ ತೆರೆದಳು.

ಎರಡು ಪೂರ್ಣ ಮೂರನೇ ಎರಡಕ್ಕೆ ಒಂದು ಪೂರ್ಣ ನಾಲ್ಕನೇ ಒಂದನ್ನು ಕೂಡಿಸಿ ಎಂದಿತ್ತು. ಸಹನಾ ನಾಲ್ಕು ಎಂದು ಬರೆದಿದ್ದಳು. ಕೆಳಗೆ ಇಳಿದರೆ ಎಲ್ಲ ಹಾಗೆಯೇ. ಭಿನ್ನರಾಶಿ ಒಂದೂ ಇರಲಿಲ್ಲ, ಹಂತಗಳೂ ಇರಲಿಲ್ಲ. ಐದು ಮೀಟರ್ ಬಟ್ಟೆಯನ್ನು ಮೂವರಿಗೆ ಸಮವಾಗಿ ಹಂಚಿರಿ ಎಂಬುದಕ್ಕೆ: ತಲಾ ಎರಡು, ಕೊನೆಯವರಿಗೆ ಸ್ವಲ್ಪ ಕಮ್ಮಿ.

ಕೊಟ್ರೇಶ್ ಬಗ್ಗಿ ಓದಿ, ನಕ್ಕು, ಕೆಮ್ಮಿದ. "ಕೂಸು ಮಂಡಿಗೆ ರೆಡಿ ಆಗೈತೆ ಅಪ್ಪಾಜಿ."

ಶಿವಮೂರ್ತಪ್ಪ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಹಾಳೆಯನ್ನು ದೊಡ್ಡದು ಮಾಡಿ ನೋಡಿದರು. "ಸರಿ ಐತಲ್ಲ. ಯಾಕ ಸೊನ್ನೆ ಹಾಕೀಯ?"

"ಮೂರು ಪೂರ್ಣ ಹನ್ನೆರಡನೇ ಹನ್ನೊಂದು ಬರ್ಬೇಕು ಅಪ್ಪಾಜಿ."

"ಅಂದ್ರೆ ನಾಲ್ಕೇ ಆತು. ಯಾವನಾದ್ರೂ ಗಿರಾಕಿ ಹನ್ನೆರಡನೇ ಹನ್ನೊಂದು ಕೇಳ್ತಾನೇನು?"

"ಪರೀಕ್ಷೆ ಕೇಳ್ತೈತೆ."

ಶಿವಮೂರ್ತಪ್ಪನವರು ಫೋನನ್ನು ಕೆಳಗಿಟ್ಟರು. ಮಂಡಕ್ಕಿಗೆ ಇನ್ನಷ್ಟು ಶೇಂಗಾ ಹಾಕಿಸಿಕೊಂಡರು. ಆಮೇಲೆ ಹೇಳಿದರು: "ಫೇಲ್ ಅಂದ್ರೆ ಫೇಲ್. ಮಾತು ಮಾತೇ. ರಜೆಗೆ ನಾಗಭೂಷಣ್ ಕರ್ಕೊಂಡು ಬಂದು ಬಿಟ್ಟು ಹೋಗ್ಲಿ. ಇಲ್ಲೇ ಹತ್ರದ ಶಾಲಿಗೆ ಸೇರ್ಸಾನ."

ಅವರೇ ಕರೆ ಮಾಡಿದರು. ಸ್ಪೀಕರಿನಲ್ಲಿ ರೂಪಶ್ರೀಯ ಉಸಿರು ಕೇಳಿಸಿತು. ಬಳಿಕ, "ಹ್ಞೂಂ ಅಪ್ಪಾಜಿ."

ಶಾಂತಕುಮಾರಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹಸಿರೇ ಇರಲಿ ಪರದೆ, ಹಳದಿ ಬೇಗ ಕೊಳೆಯಾಗುತ್ತದೆ ಎಂದರು.

ಮರುದಿನ ಹರಿಹರದ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಅಂಕಿತಾ ಡಬ್ಬಿ ಬಿಚ್ಚುವಾಗ ಅಕ್ಕನ ಕರೆ ಬಂತು. ಅಕ್ಕ ಅವಳಿಗೆ ತಾನಾಗಿ ಕರೆ ಮಾಡಿದ್ದು ತಿಂಗಳುಗಳ ಮೇಲೆ. ಅವಳು ಎದ್ದು ಸ್ಟಾಫ್ ರೂಮಿನ ಹೊರಗೆ, ಸೈಕಲ್ ನಿಲ್ಲಿಸುವ ತಗಡಿನ ಕೆಳಗೆ ಬಂದಳು.

"ಅಂಕಿ, ನೀನು ಮಾಡಿದ ಟೈಮ್‌ಟೇಬಲ್ ನಿನ್ನ ಫೋನ್‌ನಾಗೆ ಐತಾ?"

"ಐತೆ. ಯಾಕ?"

"ತೆಗಿ. ಅದ್ರಾಗೆ ನನ್ನ ಹೆಸರು ಎಲ್ಲೈತೆ ಹೇಳು."

ಅಂಕಿತಾ ತೆಗೆಯಲಿಲ್ಲ. ತೆಗೆಯುವ ಅಗತ್ಯ ಇರಲಿಲ್ಲ. "ನಿಂಗೆ ಮನಿ ಕೆಲಸ ಇರ್ತಾವಲ್ಲ ಅಕ್ಕ, ಅದಕ್ಕೆ..."

"ಬೆಳಗಿನ ಜಾವ ಅವಳ್ನ ಎಬ್ಬಿಸೋಳು ಯಾರು? ಅಲ್ಲಿಂದ ಸಂಜೆತನಕ ಅವಳ ಮುಂದೆ ಇರೋಳು ಯಾರು? ನೆಟ್ ಸಿಗೋದು ಒಂದು ಕಿಟಕಿ ಹತ್ರ ಅಷ್ಟೇ. ಅಪ್ಪಾಜಿ ಮುಗಿಸೋವರೆಗೆ ಫೋನ್ ಎತ್ತಿ ಹಿಡ್ಕೊಂಡು ನಿಂತಿರ್ತೀನಿ. ಅವ್ವ ಮುಗಿಸೋವರೆಗೆ ಹಿಡ್ಕೊಂಡಿರ್ತೀನಿ, ಅನ್ನ ಹೊತ್ತಿರ್ತೈತೆ. ಪರದೆ ಹಸಿರೋ ಹಳದಿಯೋ ಅಂತ ನನ್ನ ಕೈಯಾಗಿನ ಫೋನ್‌ನಾಗೇ ಕೇಳ್ತಾರೆ ಅಂಕಿ. ನನ್ನ ಮಗಳ್ನ ಕರ್ಕೊಂಡು ಹೋಗೋ ಮಾತಿಗೆ ನಾನೇ ಫೋನ್ ಸ್ಟ್ಯಾಂಡು."

ತಗಡಿನ ಮೇಲೆ ಯಾವುದೋ ಮರದ ಕಾಯಿ ಬಿತ್ತು. ಅಂಕಿತಾ ಬೆಚ್ಚಿದಳು.

"ನಿನ್ನೆ ಯಾಕೆ ಹ್ಞೂಂ ಅಂದಿ?"

"ಅಪ್ಪಾಜಿ ಕೇಳಿದ್ರೆ ನಂಗೆ ಬೇರೆ ಬರಲ್ಲ. ರಾತ್ರಿ ನಮ್ಮ ಮನಿಯವರ ಹತ್ರ ಕೇಳ್ದೆ, ಕಳಿಸಾನ ಏನ್ರಿ ಅಂತ. ಅವರು ನಿನ್ನ ಇಷ್ಟ ಅಂದ್ರು. ನನ್ನ ಇಷ್ಟ ಏನು ಅಂತ ಕುಂತು ಯೋಚ್ನೆ ಮಾಡ್ದೆ. ನಾನು ಕಳಿಸಲ್ಲ."

"ಕಳಿಸ್ದಿದ್ರೆ ಓದ್ಸೋರು ಯಾರು ಅಕ್ಕ? ಒಬ್ಬಳೇ ನಾನು ಎಷ್ಟು..."

"ಅವಳಿಗಲ್ಲ. ನಂಗೆ ಹೇಳಿಕೊಡು. ಸಂಜೆ ನಂಗೆ ಹೇಳು, ಬೆಳಿಗ್ಗೆ ನಾನು ಅವಳಿಗೆ ಹೇಳ್ತೀನಿ."

ಅಂಕಿತಾ ಬಾಯಿಗೆ ಬಂದ ಮಾತನ್ನು ನುಂಗಿದಳು. ಅಕ್ಕನೇ ಅದನ್ನು ಆಡಿದಳು.

"ಲೆಕ್ಕ ಫೇಲ್ ಆದೋಳು ಅಂತ ತಾನೇ? ಹೌದು. ಈಗ್ಲೂ ಬರಲ್ಲ. ಸಹನಾ ಬರೆದಿದ್ದು ತಪ್ಪು ಅಂತಾನೂ ನಂಗೆ ಗೊತ್ತಾಗಿರಲಿಲ್ಲ, ನೀನು ಸೊನ್ನೆ ಹಾಕಿದ ಮೇಲೆ ಗೊತ್ತಾತು. ಕಲ್ತರೆ ಬರ್ತೈತೋ ಇಲ್ವೋ ನೋಡಾನ. ನಿಂಗೆ ಆಗುತ್ತೋ ಇಲ್ವೋ ಅಷ್ಟು ಹೇಳು."

ಬೆಲ್ ಹೊಡೆಯಿತು. ಅಂಕಿತಾ ಊಟ ಮಾಡದೆ ಕ್ಲಾಸಿಗೆ ಹೋದಳು. ಎಂಟನೇ ಕ್ಲಾಸಿನ ಬೋರ್ಡಿನ ಮೇಲೆ ತ್ರಿಭುಜ ಬರೆದು, ಅದಕ್ಕೆ ಹೆಸರಿಡುವುದನ್ನು ಮರೆತಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ಅನ್ನ ಕಲಸುತ್ತಲೇ ಹೇಳಿದಳು: "ಅಪ್ಪಾಜಿ, ನಾಳೆಯಿಂದ ಎಂಟು ಗಂಟೆ ಕ್ಲಾಸ್ ಇಲ್ಲ."

"ಹೌದು ಮತ್ತೆ. ಕೂಸೇ ಇಲ್ಲಿಗೆ ಬರ್ತೈತಲ್ಲ."

"ಬರಲ್ಲ. ಅಕ್ಕ ಕಳಿಸಲ್ವಂತೆ. ಅವಳೇ ಓದಿಸ್ತಾಳೆ. ನಾನು ಅವಳಿಗೆ ಹೇಳಿಕೊಡ್ತೀನಿ."

ಶಾಂತಕುಮಾರಿ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. "ಅವಳಿಗೆ ಇದನ್ನ ತಲಿಗೆ ತುಂಬಿದೋಳು ನೀನೇನು?"

"ಇಲ್ಲವ್ವ."

"ಮಂಚ ಪಾಲಿಶ್ ಮಾಡ್ಸೀನಲ್ಲೇ."

"ನಾನು ಮಲಗ್ತೀನಿ ಬಿಡವ್ವ, ನಂದೇ ಮಂಚ ಅದು," ಎಂದ ಕೊಟ್ರೇಶ್. ಯಾರೂ ಅವನ ಕಡೆ ನೋಡಲಿಲ್ಲ.

ಶಿವಮೂರ್ತಪ್ಪನವರು ಎಡಗೈಯಲ್ಲಿ ಫೋನ್ ಎತ್ತಿ ದೊಡ್ಡ ಮಗಳಿಗೆ ಕರೆ ಮಾಡಿ ಸ್ಪೀಕರ್ ಹಾಕಿದರು. ಊಟದ ನಡುವೆ ಫೋನ್ ಮುಟ್ಟುವವರಲ್ಲ ಅವರು. "ಏನವ್ವ ರೂಪಾ, ಅಂಕಿ ಏನೋ ಹೇಳ್ತಾಳೆ. ನೀನು ಕಲಿಸ್ತೀಯಂತೆ?"

"ಹ್ಞೂಂ ಅಪ್ಪಾಜಿ." ಅದೇ ಹ್ಞೂಂ, ಆದರೆ ಈ ಸಲ ಅದು ಶಿವಮೂರ್ತಪ್ಪನವರ ಕಡೆಗಿರಲಿಲ್ಲ.

"ಸುಮ್ನೆ ಕೂಸಿನ ಬಾಳು ಹಾಳು ಮಾಡಬ್ಯಾಡ. ನೀನೇ ಫೇಲ್ ಆದೋಳು."

"ಹೌದು ಅಪ್ಪಾಜಿ. ಒಂದ್ಸಲ ಫೇಲ್ ಆದೆ. ಇನ್ನೊಂದ್ಸಲ ನೀವು ಪರೀಕ್ಷೆ ಕಟ್ಟಿಸಲಿಲ್ಲ. ಸಹನಾನೂ ಒಂದ್ಸಲ ಆಗ್ಯಾಳೆ. ಅವಳಿಗೆ ಇನ್ನೊಂದ್ಸಲ ಕಟ್ಟಿಸ್ತೀನಿ."

ರೂಪಶ್ರೀ ಫೇಲಾದ ವರ್ಷದ ಬೇಸಿಗೆಯಲ್ಲೇ ನಾಗಭೂಷಣನ ಸಂಬಂಧ ಬಂದಿತ್ತು. ಮರುಪರೀಕ್ಷೆಯ ಅರ್ಜಿ ತುಂಬುವ ಕೊನೆಯ ದಿನ ಮನೆಯಲ್ಲಿ ಬಳೆ ತೊಡಿಸುವವಳು ಕೂತಿದ್ದಳು. ಯಾರೂ ಅದನ್ನು ಈಗ ಹೇಳಲಿಲ್ಲ. ಶಾಂತಕುಮಾರಿ ಎದ್ದು ಮಜ್ಜಿಗೆ ತರಲು ಹೋದವರು ಬೇಗ ಬರಲಿಲ್ಲ.

"ಮಾತು ಕೊಟ್ಟಿದ್ದಿ," ಎಂದರು ಶಿವಮೂರ್ತಪ್ಪ. ದನಿ ತಗ್ಗಿತ್ತು.

"ಕೊಟ್ಟಿದ್ದೆ. ಈಗ ತಪ್ತೀನಿ. ಬೈಯ್ರಿ."

ಅವರು ಬೈಯಲಿಲ್ಲ. ಫೋನು ಇಟ್ಟು ಮಜ್ಜಿಗೆಗೆ ಕಾಯದೆ ಕೈ ತೊಳೆದುಕೊಂಡರು. ಹೋಗುವಾಗ ಅಂಕಿತಾಳ ಬೆನ್ನ ಹಿಂದೆ ನಿಂತು, "ಅವಳಿಗೆ ಬರದಿದ್ರೆ?" ಎಂದು ಕೇಳಿದರು. ಅಂಕಿತಾ, ಗೊತ್ತಿಲ್ಲ ಎಂದಳು. ಅದು ನಿಜವೇ ಆಗಿತ್ತು.

ಮರುದಿನ ಪೂಜೆ ಮುಗಿಸಿ ಅವರು ಎಂಟಕ್ಕೆಲ್ಲ ಮಂಡಿಗೆ ಹೊರಟರು. ಶಾಂತಕುಮಾರಿ ಆ ವಾರವಿಡೀ ಅಂಕಿತಾಳ ಜೊತೆ ಡಬ್ಬಿ ಕಟ್ಟುವಷ್ಟು ಮಾತ್ರ ಮಾತಾಡಿದರು: ಪಲ್ಯ ಹಾಕ್ಲಾ, ರೊಟ್ಟಿ ಎಷ್ಟು. ಮಧ್ಯಾಹ್ನ ಊಟವಾದ ಮೇಲೆ ಅವರು ಟೀವಿ ಹಾಕಿ, ಅದರ ದನಿ ಮುಚ್ಚಿ ಕೂರುತ್ತಾರೆಂದು ಕೊಟ್ರೇಶ್ ಹೇಳಿದ. ಅಂಕಿತಾಗೆ ಒಮ್ಮೆ ಅನ್ನಿಸಿತು, ವಾರಕ್ಕೊಂದು ದಿನ ಅವ್ವನಿಗೆ ಬಿಡಬಹುದಿತ್ತು. ಆದರೆ ಆ ಮಾತು ಇನ್ನು ತಾನು ಆಡುವಂಥದಲ್ಲ, ಅಕ್ಕ ಆಡಬೇಕಾದದ್ದು.

ಹೊಸ ಪಾಠಕ್ಕೆ ಅಕ್ಕ ಹೇಳಿದ ಹೊತ್ತೇ ಗಟ್ಟಿಯಾಯಿತು: ಅಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದು ಕೈ ಖಾಲಿಯಾಗುವ ಹೊತ್ತು. ಅದು ಇಲ್ಲಿ ಅಂಕಿತಾ ಬಸ್ಸಿಗೆ ಕಾಯುವ ಹೊತ್ತು. ಹರಿಹರದ ಬಸ್ ನಿಲ್ದಾಣದಲ್ಲಿ, ಮಲೆಬೆನ್ನೂರಿನ ಬಸ್ಸು ನಿಲ್ಲುವ ಕಡೆ ಒಂದು ಕಲ್ಲುಬೆಂಚಿತ್ತು. ಅವಳು ಅಲ್ಲಿ ಕೂತು ಕಿವಿಗೆ ವೈರು ಸಿಕ್ಕಿಸಿಕೊಂಡಳು. ಪಕ್ಕದಲ್ಲಿ ಇಬ್ಬರು ಹೆಂಗಸರು ಭತ್ತದ ಕಟಾವಿಗೆ ಆಳು ಸಿಗದ ಸುದ್ದಿ ಆಡುತ್ತಿದ್ದರು.

"ಮುಕ್ಕಾಲನ್ನ ಅರ್ಧದಿಂದ ಭಾಗಿಸು," ಎಂದಳು ಅಂಕಿತಾ.

ಆ ಕಡೆ ಪೆನ್ಸಿಲ್ ಕೆರೆಯುವ ಸದ್ದು. "ನೀನು ಹೇಳಿದಂಗೆ ತಿರುಗಿಸಿ ಗುಣಿಸ್ದೆ. ಒಂದೂವರೆ ಬಂತು. ತಪ್ಪಾತು."

"ಸರಿ ಐತೆ."

"ಹೆಂಗೆ ಸರಿ? ಭಾಗಿಸಿದ್ರೆ ಕಮ್ಮಿ ಆಗ್ಬೇಕು. ಮುಕ್ಕಾಲಿತ್ತು, ಒಂದೂವರೆ ಹೆಂಗಾತು? ನಾಳೆ ಅವಳು ಇದನ್ನೇ ಕೇಳ್ತಾಳೆ, ನಾನೇನು ಹೇಳ್ಲಿ, ಚಿಕ್ಕಿ ಹೇಳ್ಯಾಳೆ ಅಂತ ಅನ್ಲಾ?"

ದಾವಣಗೆರೆಯ ಬಸ್ಸು ಬಂತು. ಜನ ನುಗ್ಗಿದರು. ಅಂಕಿತಾ ಕಾಲು ಹಿಂದೆಳೆದುಕೊಂಡು ಅವರಿಗೆ ದಾರಿ ಬಿಟ್ಟಳು. "ಮುಕ್ಕಾಲು ಲೀಟರ್ ಹಾಲೈತೆ. ಅರ್ಧ ಲೀಟರ್ ಚೊಂಬು. ಎಷ್ಟು ಚೊಂಬು ಆಗುತೈತೆ?"

ಆ ಕಡೆ ಪೆನ್ಸಿಲಿನ ಸದ್ದು ನಿಂತಿತು. ಕರೆ ಕಡಿದುಹೋಯಿತೇನೋ ಎಂದು ಅಂಕಿತಾ ಫೋನ್ ನೋಡಿದಳು.

"ಒಂದು ತುಂಬ," ಎಂದಳು ರೂಪಶ್ರೀ ಕೊನೆಗೆ, ನಿಧಾನವಾಗಿ. "ಆಮೇಲೆ ಇನ್ನೊಂದ್ರಾಗೆ ಅರ್ಧ." ಪೆನ್ಸಿಲ್ ಮತ್ತೆ ಕೆರೆಯಿತು. "ಎಷ್ಟು ಚೊಂಬು ಅಂತ ಕೇಳೋದಾ ಇದು? ಹಾಲು ಜಾಸ್ತಿ ಆಗಲ್ಲ?"

"ಹಾಲು ಅಷ್ಟೇ ಇರ್ತೈತೆ."

"ಇನ್ನೊಂದು ಕೊಡು."

ಅಂಕಿತಾ ಕೊಟ್ಟಳು. ಅಕ್ಕ ತಪ್ಪು ಮಾಡಿದಳು. ಎಲ್ಲಿ ತಪ್ಪಿತೆಂದು ಅಂಕಿತಾ ಹೇಳಹೊರಟಾಗ, "ತಡಿ, ಹೇಳಬ್ಯಾಡ," ಎಂದು ಗದರಿದಳು. ರಬ್ಬರ್ ಉಜ್ಜುವ ಸದ್ದು ಕೇಳಿಸಿತು. ಅಷ್ಟರಲ್ಲಿ ಆ ಕಡೆ ಬಾಗಿಲು ದಡಾರನೆ ತೆರೆದು, ಓಡಿ ಬಂದ ಏದುಸಿರಿನಲ್ಲಿ ಸಹನಾ, "ಅಮ್ಮ, ಚಿಕ್ಕಿನಾ? ನಂಗೆ ಕೊಡು," ಎಂದಳು.

"ಆಟ ಆಡು ಹೋಗು," ಎಂದಳು ರೂಪಶ್ರೀ. "ನಂದು ಕ್ಲಾಸ್ ನಡದೈತೆ."